ನಾಲ್ಕನೇ ತರಗತಿಯ ಮೊದಲ ಅವಧಿ: ಮಗು ಶಾಲೆಯಲ್ಲಿ ಏನು ಕಲಿಯುತ್ತಿದೆ, ಮನೆಯಲ್ಲಿ ನೀವೇನು ಮಾಡಬಹುದು

ಪ್ರತಿ ವರ್ಷ ಜೂನ್ ಎರಡನೇ ವಾರ ಬಂತೆಂದರೆ ಶಾಲೆಯ ಗೇಟಿನ ಹತ್ತಿರ ಯಾರಾದರೂ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳುತ್ತಾರೆ. "ಮೇಡಂ, ಮೂರನೇ ಕ್ಲಾಸಿನ ತನಕ ಖುಷಿಯಾಗಿ ಬರ್ತಿದ್ದ. ಈಗ ಬ್ಯಾಗ್ ಮುಟ್ಟೋಕೇ ಅಳ್ತಾನೆ. ಏನಾಯ್ತು ಇವನಿಗೆ?"

ಮಗುವಿಗೆ ಏನೂ ಆಗಿಲ್ಲ. ಬದಲಾಗಿರುವುದು ತರಗತಿ. ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಪಾಠ ಮಾಡುತ್ತೇನೆ. ನಮ್ಮ ಮಕ್ಕಳ ಮನೆಗಳಲ್ಲಿ ರೇಷ್ಮೆ ಇದೆ, ಹಸು ಇದೆ, ಸ್ವಲ್ಪ ರಾಗಿ ಹೊಲ ಇದೆ. ಅಪ್ಪ ಅಮ್ಮ ಇಬ್ಬರಿಗೂ ಬೆಳಗಿನಿಂದ ಕೈ ತುಂಬ ಕೆಲಸ. ಮಗುವನ್ನು ಕೂರಿಸಿಕೊಂಡು ಪಾಠ ಹೇಳಲು ಸಮಯ ಎಲ್ಲಿಂದ ಬರಬೇಕು? ಕೆಲವರಿಗೆ ಓದಲು ಬರೆಯಲು ಬರುವುದೇ ಇಲ್ಲ. ಅಂಥವರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಜೂನ್‌ನಿಂದ ದಸರಾ ರಜೆಯವರೆಗೆ ನಾವು ಕಲಿಸುವುದರಲ್ಲಿ ಮುಕ್ಕಾಲು ಪಾಲಿಗೆ ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ನೀವು ಪಾಠ ಹೇಳಬೇಕಾಗಿಲ್ಲ. ಕೇಳಬೇಕು, ಮಗು ಹೇಳಿದ್ದನ್ನು ಕಿವಿಗೊಟ್ಟು ಕೇಳಿಸಿಕೊಳ್ಳಬೇಕು.

ಮೊದಲು, ಏನು ಬದಲಾಯಿತು ಎಂದು ತಿಳಿದುಕೊಳ್ಳಿ

ಒಂದರಿಂದ ಮೂರನೇ ತರಗತಿಯವರೆಗೆ ನಿಮ್ಮ ಮಗು ನಲಿ-ಕಲಿ ಕೋಣೆಯಲ್ಲಿತ್ತು. ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು, ಕಾರ್ಡು ಹಿಡಿದು ಕಲಿಯುವುದು, ಗೋಡೆಯ ಕೆಳಗಡೆ ತನ್ನದೇ ಕಪ್ಪುಹಲಗೆ, ತಲೆಯ ಮೇಲೆ ಚಪ್ಪರದಲ್ಲಿ ತೂಗುವ ತನ್ನದೇ ಚಿತ್ರ. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರಿಗೆ ದಾರಿ ತೋರಿದ್ದು ಋಷಿ ವ್ಯಾಲಿಯ ಹಳ್ಳಿ ಶಾಲೆಗಳು. ಋಷಿ ವ್ಯಾಲಿ ಇರುವುದು ನಮಗೆ ಹತ್ತಿರವೇ, ಚಿಂತಾಮಣಿ ದಾಟಿ ಆಂಧ್ರದೊಳಗೆ ಹೋದರೆ ಸಿಗುವ ಮದನಪಲ್ಲಿಯ ಕಡೆ. ಅದನ್ನು ನೆನೆದರೆ ನನಗೆ ಯಾವಾಗಲೂ ಖುಷಿಯಾಗುತ್ತದೆ.

ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಒಬ್ಬ ಹತ್ತನೇ ಮೆಟ್ಟಿಲಲ್ಲಿದ್ದರೆ ಪಕ್ಕದವಳು ಹದಿನೈದರಲ್ಲಿ ಇರಬಹುದು. ಯಾರಿಗೂ ಅವಮಾನವಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರ ಕೈಗೂ ಒಂದೇ ಪುಸ್ತಕ, ಎಲ್ಲರಿಗೂ ಅವತ್ತಿನ ಪಾಠ ಒಂದೇ. ಸಾಲಾಗಿ ಕೂರಬೇಕು. ಉದ್ದ ಉದ್ದ ಪ್ಯಾರಾ ಓದಬೇಕು. ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಬರೆಯಬೇಕು. ಏಣಿಯಲ್ಲಿ ಎರಡು ಮೆಟ್ಟಿಲು ಹಿಂದೆ ಉಳಿದ ಮಗುವಿಗೆ ಇದು ಗೋಡೆ ಎದುರಾದ ಹಾಗೆ. ಆದ್ದರಿಂದ ಜೂನ್, ಜುಲೈ ಎರಡು ತಿಂಗಳು "ಪಕ್ಕದ ಮನೆಯವಳು ಓದ್ತಾಳೆ, ನಿನಗೇನಾಗಿದೆ" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಆ ಒಂದು ಮಾತಿನಿಂದ ಬಾಯಿ ಮುಚ್ಚಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಮತ್ತೆ ಬಾಯಿ ಬಿಡಿಸಲು ಇಡೀ ವರ್ಷ ಬೇಕಾಗುತ್ತದೆ.

ಮೊದಲ ಹೆಜ್ಜೆ: ಭಾನುವಾರ ಒಮ್ಮೆ ಬ್ಯಾಗು ಬಿಚ್ಚಿ ನೋಡಿ

ಬ್ಯಾಗಿನಲ್ಲಿ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ, ಹೀಗೆ ನಾಲ್ಕು ವಿಷಯದ ಪುಸ್ತಕ ಇರುತ್ತವೆ. ಪುಸ್ತಕಕ್ಕಿಂತ ನೋಟ್ ಪುಸ್ತಕ ನೋಡಿ. ಓದಲು ಬಾರದಿದ್ದರೂ ಕೆಲವು ವಿಷಯ ಕಣ್ಣಿಗೆ ಬೀಳುತ್ತವೆ. ಪುಟ ಅರ್ಧಕ್ಕೇ ನಿಂತಿದೆಯಾ? ಕೆಂಪು ಶಾಯಿ ಎಲ್ಲಿ ಜಾಸ್ತಿ ಇದೆ? ಅಕ್ಷರ ಮೊದಲ ಸಾಲಿನಲ್ಲಿ ದುಂಡಗಿದ್ದು ಕೊನೆಗೆ ಬರುವಾಗ ಒಡೆದುಹೋಗಿದೆಯಾ? ಹಾಗಿದ್ದರೆ ಮಗುವಿಗೆ ಬರೆಯುವಾಗ ಕೈ ಸೋಲುತ್ತಿದೆ ಎಂದರ್ಥ. ಸೋಮಾರಿತನ ಎಂದುಕೊಳ್ಳಬೇಡಿ. ಮಗುವನ್ನೇ ಕೇಳಿ: "ಇದರಲ್ಲಿ ನಿನಗೆ ಇಷ್ಟವಾದ ಪುಟ ಯಾವುದು, ತೋರಿಸು." ಅಲ್ಲಿಂದ ಮಾತು ಶುರುವಾಗಲಿ. ಇಷ್ಟು ಸಾಕು, ಹತ್ತು ನಿಮಿಷದ ಕೆಲಸ.

ಎರಡನೇ ಹೆಜ್ಜೆ: ಓದು

ಈ ಅವಧಿಯಲ್ಲಿ ಬೇರೆಲ್ಲದಕ್ಕಿಂತ ಮುಖ್ಯವಾದದ್ದು ಇದೇ. ನಾಲ್ಕನೇ ತರಗತಿಯಲ್ಲಿ ಲೆಕ್ಕವೂ ವಾಕ್ಯದಲ್ಲಿ ಬರುತ್ತದೆ, ಪರಿಸರವೂ ಪ್ಯಾರಾದಲ್ಲಿ ಬರುತ್ತದೆ. ಓದು ತಡವರಿಸಿದರೆ ಎಲ್ಲವೂ ತಡವರಿಸುತ್ತದೆ.

ದಸರಾ ಹೊತ್ತಿಗೆ ನಾನು ಬಯಸುವುದು ಇಷ್ಟು. ಹೊಸ ಗದ್ಯದ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಏನಾಯಿತು ಎಂದು ತನ್ನ ಮಾತಿನಲ್ಲಿ ಹೇಳಬೇಕು. ಒಂದು ಪದ್ಯವನ್ನು ರಾಗವಾಗಿ ಹಾಡಬೇಕು. ನಾಲ್ಕೈದು ವಾಕ್ಯ ಸ್ವಂತವಾಗಿ ಬರೆಯಬೇಕು.

ಎಡವುವ ಜಾಗಗಳು ಯಾವುವು ಎಂದರೆ ಹೆಚ್ಚಾಗಿ ಒತ್ತಕ್ಷರ. ಕತೆ ಮತ್ತು ಕತ್ತೆ ಒಂದೇ ಆಗಿಬಿಡುತ್ತವೆ. ಹಾಲು, ಹಲ್ಲು ಅದಲುಬದಲಾಗುತ್ತವೆ. ಲ ಮತ್ತು ಳ ಇನ್ನೊಂದು. ಹಳ್ಳಿಗೆ ಹೋದೆ ಎಂದು ಬರೆಯುವ ಕಡೆ ಹಲ್ಲಿಗೆ ಹೋದೆ ಎಂದು ಬರೆಯುತ್ತಾರೆ. ಇದಕ್ಕೆ ನಾನು ತರಗತಿಯಲ್ಲಿ ಹೇಳಿಕೊಡುವ ವಾಕ್ಯ "ಬೆಳೆ ಬಂತು, ಬೆಲೆ ಬರಲಿಲ್ಲ". ನಮ್ಮ ಮಕ್ಕಳಿಗೆ ಇದು ಒಂದೇ ಸಲಕ್ಕೆ ನೆನಪಿನಲ್ಲಿ ಕೂರುತ್ತದೆ. ಮನೆಯಲ್ಲಿ ಕೇಳಿದ ಮಾತು ಅಲ್ವಾ. ಇನ್ನು ಅರ್ಕಾವತ್ತು. ಬರೆಯುವಾಗ ಅಕ್ಷರದ ಆಚೆ ಬರುತ್ತದೆ, ಓದುವಾಗ ಮೊದಲು ಬರುತ್ತದೆ. ಅದಕ್ಕೇ ಮಕ್ಕಳು ಸೂರ್ಯನನ್ನು "ಸೂಯ್ರ" ಎಂದು ಓದುತ್ತಾರೆ. ತಪ್ಪು ಓದಿದ ಕೂಡಲೇ ತಡೆಯಬೇಡಿ. ವಾಕ್ಯ ಮುಗಿಯಲಿ. ಆಮೇಲೆ "ಬೆಳಗ್ಗೆ ಪೂರ್ವದಲ್ಲಿ ಹುಟ್ಟೋನು ಯಾರು?" ಎಂದು ಕೇಳಿ. ಮಗು ತಾನೇ ತಿದ್ದಿಕೊಳ್ಳುತ್ತದೆ.

ಈಗ ನಮ್ಮ ಕಡೆಯ ದೊಡ್ಡ ವಿಷಯಕ್ಕೆ ಬರುತ್ತೇನೆ. ಶಿಡ್ಲಘಟ್ಟ, ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಕೆಲವು ಮನೆಗಳಲ್ಲಿ ಉರ್ದು. ಮಗು ಕನ್ನಡವನ್ನು ಸರಿಯಾಗಿ ಕೇಳುವುದೇ ಶಾಲೆಗೆ ಬಂದ ಮೇಲೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎರಡು ತಿಂಗಳು ಒಂದು ಮಾತೂ ಆಡಲಿಲ್ಲ. ಅವಳಿಗೆ ಕಲಿಕೆ ನಿಧಾನ ಎಂದು ನಾನೇ ನನ್ನ ದಾಖಲೆಯಲ್ಲಿ ಬರೆದುಕೊಂಡಿದ್ದೆ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು ತಂಗಿಗೆ ತೆಲುಗಿನಲ್ಲಿ ಕತೆ ಹೇಳುವುದು ಕಿವಿಗೆ ಬಿತ್ತು. ಕಾಗೆ, ನರಿ, ರೊಟ್ಟಿ ಎಲ್ಲ ಇತ್ತು. ನಾನು ಹಿಂದಿನ ದಿನ ಹೇಳಿದ್ದ ಕತೆ ಅದು. ಒಂದು ಎಳೆಯೂ ಬಿಟ್ಟಿರಲಿಲ್ಲ. ಅವಳಿಗೆ ಎಲ್ಲ ಅರ್ಥವಾಗಿತ್ತು, ವಾಪಸ್ ಹೇಳಲು ಕನ್ನಡದ ಮಾತು ಮಾತ್ರ ಇನ್ನೂ ನಾಲಿಗೆಗೆ ಬಂದಿರಲಿಲ್ಲ. ಅವತ್ತು ನನಗೆ ಬಹಳ ನೋವಾಯಿತು. ಅಂದಿನಿಂದ ಮೊದಲ ಎರಡು ತಿಂಗಳು ಮಕ್ಕಳು ಯಾವ ಭಾಷೆಯಲ್ಲಿ ಉತ್ತರ ಹೇಳಿದರೂ ನಾನು ಕೇಳಿಸಿಕೊಳ್ಳುತ್ತೇನೆ.

ನೀವೂ ಹಾಗೇ ಮಾಡಿ. "ಶಾಲೆಗೆ ಹೋಗ್ತೀಯ, ಕನ್ನಡದಲ್ಲೇ ಮಾತಾಡು" ಎಂದು ಮನೆಯಲ್ಲಿ ಒತ್ತಾಯ ಮಾಡಬೇಡಿ. ಪಾಠ ಕನ್ನಡದಲ್ಲಿ ಓದಲಿ, ಓದಿದ್ದನ್ನು ನಿಮಗೆ ತೆಲುಗಿನಲ್ಲಿ ಹೇಳಲಿ. ಅರ್ಥ ಗಟ್ಟಿಯಾಗುವುದು ಅಲ್ಲಿಯೇ. ಒಂದು ಆಟವನ್ನೂ ಹೇಳಿಕೊಡುತ್ತೇನೆ. ತೆಲುಗಿನ ಪಾಲು ಕನ್ನಡದಲ್ಲಿ ಹಾಲು. ಪಾಮು, ಹಾವು. ಪುಲಿ, ಹುಲಿ. ಪಂದಿ, ಹಂದಿ. ಪಂಡು, ಹಣ್ಣು. ಪೇರು, ಹೆಸರು. ಅಲ್ಲಿ ಪ ಇದ್ದರೆ ಇಲ್ಲಿ ಹ. ಹಳಗನ್ನಡದಲ್ಲೂ ಪಾಲ್, ಪುಲಿ, ಪಂದಿ ಎಂದೇ ಇತ್ತು. ತಾತನ ಜೊತೆ ಕೂತು ಇಂಥ ಜೋಡಿ ಹುಡುಕಿಕೊಂಡು ಬನ್ನಿ ಎಂದು ಹೇಳಿದರೆ ಮಕ್ಕಳು ಮರುದಿನ ಹತ್ತು ಹನ್ನೆರಡು ತರುತ್ತಾರೆ. ಮನೆಯ ಭಾಷೆಯ ಬಗ್ಗೆ ಇದ್ದ ನಾಚಿಕೆಯೂ ಹೋಗುತ್ತದೆ.

ದಿನಾ ಮಾಡಬೇಕಾದದ್ದು ಹೀಗೆ. ರಾತ್ರಿ ಅಡುಗೆ ಮಾಡುವಾಗ ಮಗು ನಿಮ್ಮ ಹತ್ತಿರ ಕೂತು ಒಂದು ಪುಟ ಓದಲಿ. ನೀವು ರಾಗಿ ಮುದ್ದೆ ತಿರುವುತ್ತಲೇ ಕೇಳಿ. ಓದಿ ಮುಗಿದ ಮೇಲೆ ಎರಡೇ ಪ್ರಶ್ನೆ: "ಏನಾಯ್ತು?" ಮತ್ತು "ಯಾಕೆ ಹಾಗಾಯ್ತು?" ಎರಡನೆಯದಕ್ಕೆ ಉತ್ತರ ಬಂದರೆ ಪಾಠ ಬಂದಿದೆ ಎಂದೇ ತಿಳಿಯಿರಿ. ಒಂದು ಪುಟದಲ್ಲಿ ಏಳೆಂಟು ಪದಕ್ಕಿಂತ ಜಾಸ್ತಿ ತಡವರಿಸುತ್ತಿದ್ದರೆ ಆ ಪುಟ ಈಗ ಭಾರ. ಎರಡನೇ, ಮೂರನೇ ತರಗತಿಯ ಸಣ್ಣ ಕತೆ ಓದಿಸಿ. ಶಾಲೆಯ ಗ್ರಂಥಾಲಯದ ಪುಸ್ತಕ ಕೇಳಿದರೆ ನಾವು ಮನೆಗೆ ಕೊಡುತ್ತೇವೆ. ಹರಿದರೆ ಬೈಯುವುದಿಲ್ಲ. ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆ. ದೀಕ್ಷಾ ಆ್ಯಪ್‌ನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಅಥವಾ ಅಭ್ಯಾಸ ಸಿಗುತ್ತದೆ. ಒಂದು ನೋಡಿದ ಮೇಲೆ ಫೋನು ವಾಪಸ್ ತೆಗೆದಿಡಿ.

ಮೂರನೇ ಹೆಜ್ಜೆ: ಲೆಕ್ಕ

ಈ ಅವಧಿಯಲ್ಲಿ ಮಕ್ಕಳು ಮೂರು ಅಂಕಿಯಿಂದ ನಾಲ್ಕು ಅಂಕಿಗೆ ದಾಟುತ್ತಾರೆ. ಅಂದರೆ ಸಾವಿರದ ಲೋಕಕ್ಕೆ. ಕೂಡುವುದು, ಕಳೆಯುವುದು, ಗುಣಿಸುವುದು, ಆಕೃತಿಗಳ ಸುತ್ತಳತೆ, ಅಳತೆ, ತೂಕ ಬರುತ್ತವೆ.

ಸಾವಿರ ಎಂದರೆ ಎಷ್ಟು ಎನ್ನುವುದು ಮಗುವಿಗೆ ಕಣ್ಣಿಗೆ ಕಾಣಬೇಕು. ನಮ್ಮ ಕಡೆ ಇದಕ್ಕೆ ಚಂದ್ರಿಕೆಗಿಂತ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆಗಿಂತ, ಒಳ್ಳೆಯ ಪಾಠೋಪಕರಣ ಇಲ್ಲ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಒಂದು ಚಂದ್ರಿಕೆಗೆ ಬಿಡುವಾಗ ಸಾವಿರದ ಆಚೀಚೆ ಬಿಡುತ್ತೀರಿ. ಗೂಡು ಕಟ್ಟಿದ ಮೇಲೆ ಮಗುವಿಗೆ ತೋರಿಸಿ: "ನೋಡು, ಇಷ್ಟು ಗೂಡು ಸುಮಾರು ಒಂದು ಸಾವಿರ. ಹತ್ತು ಚಂದ್ರಿಕೆ ಆದರೆ ಎಷ್ಟು?" ಹತ್ತು ಸಾವಿರ ಎಂದು ಮಗು ಹೇಳುವಾಗ ಅದರ ಕಣ್ಣು ಅರಳುವುದನ್ನು ನೋಡಬೇಕು. ರೇಷ್ಮೆ ಇಲ್ಲದ ಮನೆಯಲ್ಲಿ ಹುಣಿಸೆ ಬೀಜ ಸಾಕು. ಹತ್ತು ಬೀಜದ ಗುಡ್ಡೆ, ಅಂಥ ಹತ್ತು ಗುಡ್ಡೆ ನೂರು, ಅಂಥ ಹತ್ತು ನೂರು ಸೇರಿದರೆ ಸಾವಿರ. ಒಂದು ಸಂಜೆ ಹಿಡಿಯುತ್ತದೆ. ಆ ಸಂಜೆ ವ್ಯರ್ಥವಲ್ಲ.

ಬರೆಯುವಾಗ ಆಗುವ ತಪ್ಪು ಒಂದಿದೆ. "ಮೂರು ಸಾವಿರದ ನಾಲ್ಕು" ಎಂದರೆ ಮಕ್ಕಳು 30004 ಎಂದು ಬರೆಯುತ್ತಾರೆ. ಕಿವಿಗೆ ಕೇಳಿದ ಹಾಗೇ ಮೂರು ಸಾವಿರ ಬರೆದು ಪಕ್ಕದಲ್ಲಿ ನಾಲ್ಕು ಇಡುತ್ತಾರೆ. ಇನ್ನು ಕೆಲವರು 304 ಎನ್ನುತ್ತಾರೆ. ನಾಲ್ಕು ಮನೆ ಗೀಚಿ: ಸಾವಿರ, ನೂರು, ಹತ್ತು, ಬಿಡಿ. ಒಂದು ಮನೆಯಲ್ಲಿ ಒಂದೇ ಅಂಕಿ ಇರಬೇಕು, ಯಾರೂ ಇಲ್ಲದ ಮನೆಗೆ ಸೊನ್ನೆ ಕಾವಲು. ಹೀಗೆ ಹೇಳಿದರೆ 3004 ತಾನಾಗಿ ಬರುತ್ತದೆ.

ಕಳೆಯುವ ಲೆಕ್ಕದಲ್ಲಿ ಮನೆಗೂ ಶಾಲೆಗೂ ಸ್ವಲ್ಪ ಜಗಳ ಆಗುತ್ತದೆ. ನೀವು ಕಲಿತದ್ದು "ಪಕ್ಕದ ಮನೆಯಿಂದ ಸಾಲ ತಗೋ" ಎಂದು. ನಾವು ಈಗ "ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡು" ಎನ್ನುತ್ತೇವೆ. ಉತ್ತರ ಒಂದೇ, ಆದರೆ ಎರಡನ್ನೂ ಒಟ್ಟಿಗೆ ಕೇಳಿದರೆ ಮಗುವಿಗೆ ಗಲಿಬಿಲಿ. ಮಗುವನ್ನೇ ಕೇಳಿ, "ಮೇಡಂ ಹೇಗೆ ಹೇಳಿಕೊಟ್ಟರು?" ಎಂದು. ಅದೇ ದಾರಿಯಲ್ಲಿ ಹೋಗಲಿ. ಸೊನ್ನೆಗಳು ಇರುವ ಲೆಕ್ಕ ಕಷ್ಟ. 5002ರಲ್ಲಿ 1786 ಕಳೆಯಬೇಕು ಎಂದುಕೊಳ್ಳಿ. ಪಕ್ಕದಲ್ಲೂ ಸೊನ್ನೆ, ಅದರ ಪಕ್ಕದಲ್ಲೂ ಸೊನ್ನೆ. ಇಲ್ಲಿ ಹಣದ ಭಾಷೆ ಕೆಲಸ ಮಾಡುತ್ತದೆ. ಕೈಯಲ್ಲಿ ಐದು ಸಾವಿರದ ಎರಡು ರೂಪಾಯಿ ಇದೆ. ಅಂಗಡಿಗೆ ಚಿಲ್ಲರೆ ಕೊಡಬೇಕು. ಒಂದು ಸಾವಿರವನ್ನು ಮುರಿಸಿದರೆ ಹತ್ತು ನೂರು. ಅದರಲ್ಲಿ ಒಂದು ನೂರು ಮುರಿಸಿದರೆ ಹತ್ತು ಹತ್ತರ ನೋಟು. ಅದರಲ್ಲಿ ಒಂದನ್ನು ಮುರಿಸಿದರೆ ಹತ್ತು ಬಿಡಿ. ಈಗ ಕಳೆದರೆ 3216. "ಮುರಿಸು" ಎಂಬ ಪದ ಮಕ್ಕಳಿಗೆ ಅಂಗಡಿಯಿಂದಲೇ ಗೊತ್ತು.

ಮಗ್ಗಿ ಬೇಕಾ ಬೇಡವಾ ಎಂದು ಪೋಷಕರು ಕೇಳುತ್ತಾರೆ. ಬೇಕು. ದಸರಾ ಹೊತ್ತಿಗೆ ಹತ್ತರ ಮಗ್ಗಿಯವರೆಗೆ ಬಾಯಿಗೆ ಬಂದರೆ ನನಗೆ ಸಮಾಧಾನ. ಆದರೆ ಸುಮ್ನೆ ಒಪ್ಪಿಸುವುದರಿಂದ ಶುರು ಮಾಡಬೇಡಿ. ಬಾಗಿಲ ಮುಂದಿನ ರಂಗೋಲಿಯ ಚುಕ್ಕಿ ತೋರಿಸಿ. ಒಂದು ಸಾಲಿಗೆ ಏಳು ಚುಕ್ಕಿ, ಅಂಥ ಏಳು ಸಾಲು. ಎಣಿಸಿ ನೋಡಲಿ, 49. ಈಗ ಏಳೇಳ್ಲ ನಲವತ್ತೊಂಬತ್ತು ಎನ್ನುವುದಕ್ಕೆ ಒಂದು ಚಿತ್ರ ಸಿಕ್ಕಿತು. ಅಮ್ಮ ಹಾಕುವ ರಂಗೋಲಿಯಲ್ಲಿ ಎಡ ಬಲ ಒಂದೇ ಥರ ಇರುವುದು, ವಿನ್ಯಾಸ ಮತ್ತೆ ಮತ್ತೆ ಬರುವುದು, ಇವೂ ಗಣಿತವೇ. ಓದು ಬಾರದ ಎಷ್ಟೋ ತಾಯಂದಿರು ನನ್ನ ಹತ್ತಿರ "ನಮಗೇನು ಗೊತ್ತು ಮೇಡಂ" ಎನ್ನುತ್ತಾರೆ. ಇಪ್ಪತ್ತೊಂದು ಚುಕ್ಕಿಯ ರಂಗೋಲಿಯನ್ನು ಒಂದು ಗೆರೆ ತಪ್ಪದೆ ಎಳೆಯುವವರು ಹಾಗೆ ಹೇಳಬಾರದು.

ಅಳತೆ ತೂಕಕ್ಕೆ ನಮ್ಮ ಶಾಲೆಯ ಅಡುಗೆ ಮನೆಯೇ ಸಾಕು. ಬಿಸಿಯೂಟಕ್ಕೆ ಐದನೇ ತರಗತಿಯವರೆಗಿನ ಒಂದು ಮಗುವಿಗೆ 100 ಗ್ರಾಂ ಅಕ್ಕಿಯ ಲೆಕ್ಕ. ಕ್ಷೀರ ಭಾಗ್ಯದ ಹಾಲು ಒಂದು ಮಗುವಿಗೆ 150 ಮಿಲಿಲೀಟರ್. ನಮ್ಮಲ್ಲಿ 30 ಮಕ್ಕಳು ಬಂದ ದಿನ 3 ಕೆಜಿ ಅಕ್ಕಿ, ನಾಲ್ಕೂವರೆ ಲೀಟರ್ ಹಾಲು. ಇದನ್ನು ಮಕ್ಕಳೇ ಲೆಕ್ಕ ಹಾಕಿ ಅಡುಗೆಯವರಿಗೆ ಹೇಳುತ್ತಾರೆ. ಮನೆಯಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪುಸ್ತಕ ಇದೆಯಲ್ಲ, ಅದನ್ನು ಮಗುವಿನ ಕೈಗೆ ಕೊಡಿ. ಬೆಳಗ್ಗೆ ಆರೂವರೆ ಲೀಟರ್, ಸಂಜೆ ಐದೂವರೆ ಲೀಟರ್, ಒಟ್ಟು ಎಷ್ಟು? ನಿನ್ನೆಗಿಂತ ಎಷ್ಟು ಕಮ್ಮಿ? ಅರ್ಧ, ಕಾಲು, ಮುಕ್ಕಾಲು ಎಂಬ ಭಿನ್ನರಾಶಿ ಮುಂದೆ ಬರುತ್ತದೆ. ಕಾಲು ಕೆಜಿ ಎಂದರೆ 250 ಗ್ರಾಂ ಎಂದು ಅಂಗಡಿಗೆ ಹೋಗಿ ಬಂದ ಮಗುವಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರು ಕಾಲು, ಅರ್ಧ, ಮುಕ್ಕಾಲಿನ ಮಗ್ಗಿ ಕಲಿತಿರಬಹುದು. ದಯವಿಟ್ಟು ಹೇಳಿಸಿ. ಅದು ನಮ್ಮ ಪುಸ್ತಕದಲ್ಲಿಲ್ಲ, ಆದರೆ ಬಹಳ ಚೆಂದ.

ಸುತ್ತಳತೆಗೆ ಒಂದು ಹಗ್ಗ ಸಾಕು. ಹುಳು ಮನೆಯ ಸುತ್ತ, ಅಂಗಳದ ಸುತ್ತ, ಮಂಚದ ಸುತ್ತ ಹಿಡಿದು ಆಮೇಲೆ ಅಳೆಯಲಿ. ಅಳೆಯುವ ಮೊದಲು ಅಂದಾಜು ಹೇಳಿಸಿ. ಅಂದಾಜು ತಪ್ಪಾದರೂ ಪರವಾಗಿಲ್ಲ.

ನಾಲ್ಕನೇ ಹೆಜ್ಜೆ: ಪರಿಸರ ಅಧ್ಯಯನ

ಪ್ರಾಣಿಗಳು, ಕೀಟಗಳು, ಗಿಡದ ಬೇರು, ಹೂವು, ನೀರು. ಈ ವಿಷಯದಲ್ಲಿ ನಿಮ್ಮ ಮಕ್ಕಳು ನನಗಿಂತ ಮುಂದೆ ಇರುತ್ತಾರೆ.

ಕೀಟದ ಜೀವನಚಕ್ರ ಪಾಠ ಮಾಡುವಾಗ ನಾನು ಪುಸ್ತಕ ಮುಚ್ಚಿ ರೇಷ್ಮೆ ಹುಳುವಿನ ಬಗ್ಗೆ ಕೇಳುತ್ತೇನೆ. ಮೊಟ್ಟೆ ಒಡೆದು ಚಾಕಿ ಹುಳು ಅಂದರೆ ಮರಿ ಹುಳು, ಆಮೇಲೆ ಜ್ವರಕ್ಕೆ ಕೂರುವುದು, ಜ್ವರದಿಂದ ಎದ್ದು ಮತ್ತೆ ಸೊಪ್ಪು ತಿನ್ನುವುದು, ಹೀಗೆ ನಾಲ್ಕು ಜ್ವರ, ಐದು ಹಂತ, ಕೊನೆಗೆ ಹಣ್ಣಾಗಿ ಗೂಡು. ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಮಾತ್ರ "ಪೊರೆ ಕಳಚುವುದು ಎಂದರೇನು" ಎಂಬ ಪ್ರಶ್ನೆಗೆ ಖಾಲಿ ಬಿಡುತ್ತಾರೆ. ಯಾಕೆಂದರೆ ಮನೆಯಲ್ಲಿ ಅದಕ್ಕೆ ಹೆಸರು ಜ್ವರ. ನೀವು ಮಾಡಬೇಕಾದ ಸಹಾಯ ಇಷ್ಟೇ. ಹುಳು ಜ್ವರಕ್ಕೆ ಕೂತ ದಿನ ಮಗುವನ್ನು ಕರೆದು, ತಲೆ ಎತ್ತಿ ಅಲ್ಲಾಡದೆ ಕೂತಿರುವುದನ್ನು ತೋರಿಸಿ. ಎದ್ದ ಮೇಲೆ ತಟ್ಟೆಯಲ್ಲಿ ಬಿದ್ದ ಹಳೆಯ ಪೊರೆ ತೋರಿಸಿ. "ಪುಸ್ತಕದಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿ. ಎರಡು ಹೆಸರೂ ಜೋಡಿಯಾಗುತ್ತವೆ. ಗೂಡಿನೊಳಗೆ ಹುಳು ಏನಾಗುತ್ತದೆ ಎಂದು ನೋಡಲು ನಾಲ್ಕು ಗೂಡು ಶಾಲೆಗೆ ಕೊಟ್ಟು ಕಳಿಸಿ. ಸುಮಾರು ಹತ್ತು ಹನ್ನೆರಡು ದಿನಕ್ಕೆ ಪತಂಗ ಹೊರಗೆ ಬರುತ್ತದೆ. ಎಷ್ಟೋ ಮಕ್ಕಳು ಗೂಡನ್ನು ಮಾರುಕಟ್ಟೆಗೆ ಹೋಗುವ ತನಕ ನೋಡಿರುತ್ತಾರೆ, ಪತಂಗ ನೋಡಿರುವುದಿಲ್ಲ.

ಬೇರಿನ ಪಾಠಕ್ಕೆ ಆಗಸ್ಟ್‌ನ ಹೊಲ ಬೇಕು. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಒಂದು ರಾಗಿ ಪೈರು, ನಡುನಡುವೆ ಬಿತ್ತಿದ ಅಕ್ಕಡಿ ಸಾಲಿನಿಂದ ಒಂದು ಅವರೆ ಅಥವಾ ತೊಗರಿ ಸಸಿ ಬೇರು ಸಮೇತ ಕಿತ್ತು ಮಗುವಿಗೆ ಕೊಡಿ. ರಾಗಿಯದು ಗೊಂಚಲು ಗೊಂಚಲು ಕೂದಲಿನ ಹಾಗೆ, ಅದು ತಂತು ಬೇರು. ಅವರೆಯದು ನಡುವೆ ಒಂದು ದಪ್ಪ, ಅದರಿಂದ ಕವಲು, ಅದು ತಾಯಿ ಬೇರು. ಅವರೆ, ತೊಗರಿ ಬೇರಿನ ಮೇಲೆ ಸಣ್ಣ ಗಂಟು ಕಂಡರೆ ಅದನ್ನೂ ತೋರಿಸಿ. ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುವ ಬ್ಯಾಕ್ಟೀರಿಯಾಗಳು ಆ ಗಂಟಿನಲ್ಲಿವೆ. ರಾಗಿಯ ನಡುವೆ ಅಕ್ಕಡಿ ಹಾಕಿದರೆ ಭೂಮಿಗೆ ಒಳ್ಳೆಯದು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣ ಇದೇ. ಮೂಲಂಗಿ, ಕ್ಯಾರೆಟ್ ಮಾರುಕಟ್ಟೆಯಿಂದ ತಂದಾಗ "ಇದು ಗಿಡದ ಯಾವ ಭಾಗ?" ಎಂದು ಕೇಳಿ. ಆಲೂಗಡ್ಡೆಯನ್ನೂ ಜೊತೆಗೆ ಇಡಿ. ಅದು ಬೇರಲ್ಲ, ಕಾಂಡ. ಕಣ್ಣುಗಳಿಂದ ಮೊಳಕೆ ಬರುವುದು ತೋರಿಸಿದರೆ ನಂಬುತ್ತಾರೆ.

ನೀರಿನ ಪಾಠವನ್ನು ನಾನು ಮನಸ್ಸಿಟ್ಟು ಮಾಡುತ್ತೇನೆ. ನಂದಿಬೆಟ್ಟದ ಸುತ್ತಮುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಹುಟ್ಟುತ್ತವೆ. ಇಷ್ಟು ನದಿ ಹುಟ್ಟುವ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಮಕ್ಕಳು "ಯಾಕೆ ಮೇಡಂ?" ಎನ್ನುತ್ತಾರೆ. ಉತ್ತರವನ್ನು ಮನೆಯಿಂದ ತರಲು ಹೇಳುತ್ತೇನೆ. ತಾತನನ್ನು ಕೇಳಲಿ: ನೀವು ಚಿಕ್ಕವರಿದ್ದಾಗ ಬಾವಿಯಲ್ಲಿ ನೀರು ಎಷ್ಟು ಆಳಕ್ಕೆ ಇತ್ತು? ಕೆರೆ ಯಾವ ವರ್ಷ ಕೋಡಿ ಬಿತ್ತು? ನಮ್ಮ ಬೋರ್‌ವೆಲ್ ಎಷ್ಟು ಅಡಿ? ಸಾವಿರ, ಸಾವಿರದ ಇನ್ನೂರು ಅಡಿ ಎಂಬ ಉತ್ತರ ಬರುತ್ತದೆ. ನಾಲ್ಕು ಅಂಕಿಯ ಸಂಖ್ಯೆ ಅಲ್ಲೂ ಬಂತು ನೋಡಿ.

ಜೊತೆಗೆ ಎರಡು ಮಾತು ಮನೆಯಲ್ಲಿ ಹೇಳಲೇಬೇಕು. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯಿಂದ ಸಂಸ್ಕರಿಸಿದ ನೀರನ್ನು ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುತ್ತಾರೆ. ಅದು ಅಂತರ್ಜಲ ಏರಲಿ ಎಂದು, ನೇರ ಕುಡಿಯಲು ಅಲ್ಲ. ಕೆರೆಗೆ ಇಳಿದು ಆಡುವ ಮಕ್ಕಳಿಗೆ ಇದು ಗೊತ್ತಿರಲಿ. ಇನ್ನೊಂದು, ನಮ್ಮ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರುಗಳಿವೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬರುವುದಕ್ಕೆ ಅದೂ ಒಂದು ಕಾರಣ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು ಶುದ್ಧ ನೀರಿನ ಘಟಕದ ನೀರನ್ನೇ ಬಾಟಲಿಗೆ ತುಂಬಿ ಕಳಿಸಿ.

ಇಂಗ್ಲಿಷ್ ಬಗ್ಗೆ

ಪೋಷಕರಿಗೆ ಜಾಸ್ತಿ ಚಿಂತೆ ಇದರದ್ದೇ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕನ್ನಡ ಸರಾಗವಾಗಿ ಓದುವ ಮಗುವಿಗೆ ಇಂಗ್ಲಿಷ್ ಓದು ಬೇಗ ಬರುತ್ತದೆ. ಈ ಅವಧಿಯಲ್ಲಿ ಸಣ್ಣ ವಾಕ್ಯ ಓದುವುದು, ತನ್ನ ಬಗ್ಗೆ ನಾಲ್ಕು ಮಾತು ಹೇಳುವುದು, ಪದ್ಯ ಹಾಡುವುದು, ಇಷ್ಟೇ ಗುರಿ. ಮನೆಯಲ್ಲಿ ಬಿಸ್ಕತ್ ಪೊಟ್ಟಣ, ಬಸ್ಸಿನ ಬೋರ್ಡು, ಗೊಬ್ಬರದ ಚೀಲದ ಮೇಲಿನ ಪದ ಓದಿಸಿ. ಬರೆಯಿಸುವುದಕ್ಕಿಂತ ಕೇಳಿಸುವುದು, ಮಾತಾಡಿಸುವುದು ಈಗ ಮುಖ್ಯ.

ಐದನೇ ಹೆಜ್ಜೆ: ದಿನಕ್ಕೆ ಅರ್ಧ ಗಂಟೆ, ಮತ್ತು ಹಾಜರಿ

ಸಂಜೆ ಶಾಲೆಯಿಂದ ಬಂದ ಕೂಡಲೇ ಪುಸ್ತಕ ಹಿಡಿಸಬೇಡಿ. ಏನಾದರೂ ತಿನ್ನಲಿ, ಆಡಲಿ. ದೀಪ ಹಚ್ಚುವ ಹೊತ್ತಿಗೆ ಅರ್ಧ ಗಂಟೆ ಸಾಕು. ಹತ್ತು ನಿಮಿಷ ಓದು, ಹತ್ತು ನಿಮಿಷ ಲೆಕ್ಕ, ಉಳಿದದ್ದು ಮನೆಗೆಲಸ. ಆ ಅರ್ಧ ಗಂಟೆ ಟಿವಿ ಆರಿಸಿರಿ. ನೀವೂ ಆರಿಸಿ ಕೂರಬೇಕು, ಇಲ್ಲದಿದ್ದರೆ ಮಗುವಿನ ಕಿವಿ ಆ ಕಡೆಗೇ ಇರುತ್ತದೆ.

ಹಾಜರಿಯ ಬಗ್ಗೆ ಸ್ವಲ್ಪ ಕಷ್ಟದ ಮಾತು. ಹುಳು ಹಣ್ಣಾದ ದಿನ, ಗೂಡು ಬಿಡಿಸುವ ದಿನ ಮನೆಗೆ ಎಷ್ಟು ಕೈ ಇದ್ದರೂ ಸಾಲದು. ನನಗೂ ಗೊತ್ತು, ನಾನೂ ಅಂಥ ಮನೆಯಲ್ಲೇ ಬೆಳೆದವಳು. ಆದರೆ ಒಂದು ಬೆಳೆಗೆ ಮೂರು ದಿನ ಎಂದರೂ ವರ್ಷಕ್ಕೆ ನಾಲ್ಕೈದು ಬೆಳೆಗೆ ಹದಿನೈದು ದಿನ ಹೋಗುತ್ತದೆ. ಆ ಮೂರು ದಿನದಲ್ಲೇ ಕಳೆಯುವ ಲೆಕ್ಕದ ಪಾಠ ಆಗಿಬಿಟ್ಟರೆ ಮಗುವಿಗೆ ಮುಂದಿನದು ಯಾವುದೂ ಹತ್ತುವುದಿಲ್ಲ. ಶಾಲೆ ಬಿಟ್ಟ ಮೇಲೆ ಗೂಡು ಬಿಡಿಸಲು ಕೂರಲಿ, ಎಣಿಸಲಿ, ತೂಗಲಿ. ಹಗಲು ಶಾಲೆಗೆ ಕಳಿಸಿ. ತಪ್ಪಿಸಲೇಬೇಕಾದ ದಿನ ಬಂದರೆ ಒಂದು ಮಾತು ನಮಗೆ ತಿಳಿಸಿ. ಯಾವ ಪಾಠ ತಪ್ಪಿತು ಎಂದು ಗುರುತು ಮಾಡಿಟ್ಟು ಆಮೇಲೆ ಹೇಳಿಕೊಡುತ್ತೇವೆ.

ಆರನೇ ಹೆಜ್ಜೆ: ಮೌಲ್ಯಮಾಪನ ಮತ್ತು ಸಭೆ

ದಸರಾದೊಳಗೆ ಎರಡು ರೂಪಣಾತ್ಮಕ ಮೌಲ್ಯಮಾಪನ, ಒಂದು ಸಂಕಲನಾತ್ಮಕ ಮೌಲ್ಯಮಾಪನ ಇರುತ್ತವೆ. ಮೊದಲಿನ ಎರಡರಲ್ಲಿ ಬರೆಯುವುದರ ಜೊತೆ ಮಾಡುವುದೂ ಹೇಳುವುದೂ ಲೆಕ್ಕಕ್ಕೆ ಬರುತ್ತದೆ. ಎಲೆ ಸಂಗ್ರಹ, ಅಳತೆ, ಕತೆ ಹೇಳುವುದು, ಹೀಗೆ. ಕೊನೆಯದು ಅವಧಿಯ ಪಾಠಗಳ ಪರೀಕ್ಷೆ. ಪ್ರಗತಿ ಪತ್ರದಲ್ಲಿ ಗ್ರೇಡ್ ಬರುತ್ತದೆ. ಶೇಕಡಾ 90 ಮತ್ತು ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ಗ್ರೇಡ್ ನೋಡಿ ಮಗುವನ್ನು ಹೊಡೆಯಬೇಡಿ. ಯಾವ ವಿಷಯದಲ್ಲಿ, ಅದರಲ್ಲೂ ಯಾವ ಜಾಗದಲ್ಲಿ ನಿಂತಿದೆ ಎಂದು ನಮ್ಮನ್ನು ಕೇಳಿ.

ಸಭೆಗೆ ಬಂದಾಗ "ನನ್ನ ಮಗ ಹೇಗೆ ಓದ್ತಾನೆ?" ಎಂದು ಕೇಳಿದರೆ ನಾವು "ಪರವಾಗಿಲ್ಲ" ಎಂದುಬಿಡುತ್ತೇವೆ. ಯಾರಿಗೂ ಉಪಯೋಗವಿಲ್ಲ. ಹೀಗೆ ಕೇಳಿ: ಹೊಸ ಪುಟವನ್ನು ತಡವರಿಸದೆ ಓದ್ತಾನಾ? ಕಳೆಯುವ ಲೆಕ್ಕ ಒಬ್ಬನೇ ಮಾಡ್ತಾನಾ? ತರಗತಿಯಲ್ಲಿ ಕೈ ಎತ್ತಿ ಪ್ರಶ್ನೆ ಕೇಳ್ತಾನಾ? ಯಾರ ಪಕ್ಕ ಕೂರ್ತಾನೆ? ಬೋರ್ಡು ಸರಿಯಾಗಿ ಕಾಣುತ್ತಾ? ಕೊನೆಯದನ್ನು ಮರೆಯಬೇಡಿ. ಕಣ್ಣು ಮಂಜು ಇರುವ ಮಗು ಪಕ್ಕದವರ ನೋಟ್ ನೋಡಿ ಬರೆಯುತ್ತದೆ, ನಾವು ಅದನ್ನು ಕಾಪಿ ಎಂದುಕೊಳ್ಳುತ್ತೇವೆ.

ಸಭೆಯ ದಿನ ತಾಯಿ ಬಂದರೂ ಸರಿ, ಅಪ್ಪ ಬಂದರೂ ಸರಿ, ಅಜ್ಜಿ ಬಂದರೂ ಸರಿ. ಸೊಪ್ಪು ಕೊಯ್ಯುವ ಹೊತ್ತಾದರೆ ಕೆಲಸ ಮುಗಿಸಿ ಸಂಜೆ ಬನ್ನಿ, ನಾಲ್ಕೂವರೆಯವರೆಗೆ ಕಾಯುತ್ತೇನೆ. ಬರುವಾಗ ಮಗುವಿನ ಗಣಿತದ ನೋಟ್ ಪುಸ್ತಕ ತನ್ನಿ, ಒಟ್ಟಿಗೆ ಕೂತು ನೋಡೋಣ.